ಬಳ್ಳಾರಿ ಸೀಮೆಯ ದುರ್ಗಗಳೂ ಉಗಿಬಂಡಿಯ ದಾರಿಯೂ

ಒಂದು ಸೀಮೆಯ ರಕ್ಷಣೆಯನ್ನು ಅಲ್ಲಿಯ ಕೋಟೆಗಳ ಎತ್ತರದಿಂದ ಅಳೆಯುವುದು ಚರಿತ್ರಕಾರರಲ್ಲಿ ರೂಢಿಯಾಗಿದೆ. ನೀತಿಶಾಸ್ತ್ರಕಾರರ ಮತವು ಇದಕ್ಕಿಂತ ಭಿನ್ನವಾದುದು. ಕೌಟಿಲ್ಯನು ರಾಜ್ಯದ ಸಪ್ತಾಂಗಗಳಲ್ಲಿ ಜನಪದವನ್ನು ದುರ್ಗಕ್ಕಿಂತ ಮೊದಲು ಎಣಿಸಿ, ದುರ್ಗ ಕೋಶ ದಂಡಗಳೆಲ್ಲವೂ ಜನಪದಮೂಲವಾದುವೆಂದು ನಿರ್ಣಯಿಸಿದ್ದಾನೆ. ಈ ಒರೆಗಲ್ಲಿಗೆ ಬಳ್ಳಾರಿ, ಕುರುಗೋಡು, ಸಿರುಗುಪ್ಪಗಳ ಚರಿತ್ರೆಯನ್ನು ತಿಕ್ಕಿ ನೋಡುವುದೇ ಪ್ರಕೃತ ಲೇಖನದ ಉದ್ದೇಶವು.

ಮನುವು ಷಡ್ವಿಧ ದುರ್ಗಗಳನ್ನು ಹೇಳಿ ಗಿರಿದುರ್ಗವೇ ಶ್ರೇಷ್ಠವೆನ್ನುತ್ತಾನೆ. ಬಳ್ಳಾರಿ, ಕುರುಗೋಡುಗಳು ಗಿರಿದುರ್ಗಗಳು. ಸಿರುಗುಪ್ಪಕ್ಕೆ ತುಂಗಭದ್ರೆಯ ಪ್ರವಾಹವೇ ಅಗಳು. ಕುರುಗೋಡು ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ಸಾಮಂತರಾದ ಸಿಂದರ ರಾಜಧಾನಿಯಾಗಿ ಬಲ್ಲಕುಂದೆ ನಾಡನ್ನು ಕಾಯುತ್ತಿದ್ದಿತು. ಹೊಯ್ಸಳ ವೀರಬಲ್ಲಾಳನು ಗೆದ್ದ ದುರ್ಗಗಳನ್ನು ಎಣಿಸುವ ಶಾಸನಗಳಲ್ಲಿ ಕುರುಗೋಡಿನ ಹೆಸರೂ ಬರುವುದರಿಂದ ಅದರ ಹಿರಿಮೆಯು ವಿಶದವಾಗುತ್ತದೆ. ಸಿರುಗುಪ್ಪದ ಆಚೆಯ ದಡವೇ ಎಡೆದೊರೆನಾಡು. ವಿಜಯನಗರದವರೂ ಬಹಮನಿ ಸುಲ್ತಾನರೂ ಶತಮಾನಕಾಲ ಹೋರಾಡಿದುದು ಆ ನಾಡಿಗಾಗಿಯೇ. ೧೩೬೬ರ ಯುದ್ಧವು ಸಿರುಗುಪ್ಪದ ಈಶಾನ್ಯದ ಕೌತಾಳದ ಬಳಿ ನಡೆಯಿತೆಂದು ವಿದ್ವಾಂಸರ ಊಹೆ. ಆದುದರಿಂದ ಪ್ರಾಚೀನರ ರಕ್ಷಣಾಕ್ರಮದಲ್ಲಿ ಹೊಳೆಯ ಕಡವೂ ಬೆಟ್ಟದ ನೆತ್ತಿಯೂ ಪರಸ್ಪರಾಪೇಕ್ಷಿಗಳಾಗಿದ್ದುವು.

ಬಳ್ಳಾರಿಯ ಗುಡ್ಡವು ಬಯಲಿನಿಂದ ಸುಮಾರು ೪೫೦ ಅಡಿ ಎತ್ತರವಾದ ಏಕಶಿಲೆಯಂತಿದೆ. ಅದರ ಮೇಲುಕೋಟೆಯನ್ನು ಹನುಮಪ್ಪನಾಯಕನು ಕಟ್ಟಿಸಿದನೆಂದು ಪ್ರತೀತಿ. ೧೭೭೫ರ ಸುಮಾರಿಗೆ ಆದವಾನಿಯ ಬಸಾಲತ್ ಜಂಗನ ದಂಡು ಮುತ್ತಿಗೆ ಹಾಕಲು, ಪಾಳೆಯಗಾರ ದೊಡ್ಡಪ್ಪನಾಯಕನು ಹೈದರಾಲಿಯ ನೆರವನ್ನು ಬೇಡಿದನು. ಹೈದರನು ಶ್ರೀರಂಗಪಟ್ಟಣದಿಂದ ಐದೇ ದಿನಗಳಲ್ಲಿ ಬಂದು ಶತ್ರುವನ್ನೋಡಿಸಿ, ಅನಂತರ ಕೋಟೆಯನ್ನು ತಾನೇ ವಶಪಡಿಸಿಕೊಂಡನೆಂದು ಚರಿತ್ರಕಾರರು ಬರೆದಿದ್ದಾರೆ. ಕೆಳಕೋಟೆಯನ್ನು ರಚಿಸಿದ ಫ್ರೆಂಚ್ ಶಿಲ್ಪಿಯನ್ನು, ಎದುರಿನ ಕುಂಬಾರಗುಡ್ಡವು ಕೋಟೆಗಿಂತ ಎತ್ತರವಾಗಿರುವುದನ್ನು ಕಂಡು, ಹೈದರನು ಬಾಗಿಲಲ್ಲಿಯೇ ಗಲ್ಲಿಗೇರಿಸಿದನೆಂಬ ಐತಿಹ್ಯವುಂಟು. ಕಥೆಯು ಸತ್ಯವಾಗಲಿ ಕಲ್ಪಿತವಾಗಲಿ, ಫಿರಂಗಿಯ ಕಾಲದಲ್ಲಿ ಎತ್ತರವೊಂದೇ ರಕ್ಷೆಯಲ್ಲವೆಂಬ ಲೋಕಾನುಭವವು ಅದರಲ್ಲಿ ಅಡಗಿದೆ. ಕೋಟೆಯು ಸೋಲದೆ ಇದ್ದಿತು, ಕೋಟೆಯೊಡೆಯನು ಸೋತನು.

೧೭೯೨ರಲ್ಲಿ ಈ ಸೀಮೆಯು ನಿಜಾಮನಿಗೆ ಸೇರಿತು. ೧೮೦೦ರಲ್ಲಿ ನಿಜಾಮನು ತನ್ನ ರಕ್ಷಣೆಗಾಗಿ ಇಟ್ಟುಕೊಂಡ ಇಂಗ್ಲಿಷರ ಸೈನ್ಯದ ವೆಚ್ಚಕ್ಕೆಂದು ಇದನ್ನು ಅವರಿಗೆ ಕೊಟ್ಟುಬಿಟ್ಟನು. ದತ್ತಮಂಡಲವೆಂಬ ಹೆಸರು ಹುಟ್ಟಿದುದು ಹೀಗೆ. ಇಲ್ಲಿ ಶಾಸ್ತ್ರಕ್ರಮವೇ ತಲೆಕೆಳಗಾಯಿತು: ಜನಪದದ ರಕ್ಷಣೆಗೆ ದಂಡವಿರುವುದರ ಬದಲು ದಂಡದ ಪೋಷಣೆಗೆ ಜನಪದವು ವಿಕ್ರಯವಾಯಿತು. ಬಳ್ಳಾರಿಯಲ್ಲಿ ದಂಡು ನೆಲಸಿತು. ಹಳೆಯ ಗಿರಿದುರ್ಗಗಳು ಕ್ರಮೇಣ ನಿಷ್ಪ್ರಯೋಜಕವಾದುವು.

೧೮೭೧ರ ವೇಳೆಗೆ ಮದರಾಸು ರೈಲ್ವೆಯ ಹಳಿಯು ಗುಂತಕಲ್ಲಿನಿಂದ ಬಳ್ಳಾರಿಯನ್ನು ಮುಟ್ಟಿದ್ದಿತು. ದೂರದ ದಂಡನ್ನು ಕರೆತರುವ ಸಾಧನವು ಒದಗಿದ ಮೇಲೆ ಹೊಳೆಯ ಕಡವನ್ನು ಕಾಯುವ ಕೋಟೆಗೆ ಅರ್ಥವುಳಿಯಲಿಲ್ಲ. ರೈಲು ಬಂದರೆ ಕ್ಷಾಮವು ತೊಲಗುವುದೆಂದು ಆಗ ಹೇಳುತ್ತಿದ್ದರು. ಆದರೆ ೧೮೭೬–೭೮ರ ಕ್ಷಾಮದಲ್ಲಿ ರೈಲಿದ್ದೂ ಜನರು ಸತ್ತರು. ಧಾನ್ಯವು ನಿಲ್ದಾಣಕ್ಕೆ ಬಂದರೂ, ಹಳ್ಳಿಗಳಿಗೆ ಸಾಗಿಸಲು ಎತ್ತುಗಳಿರಲಿಲ್ಲ. ಕೊಳ್ಳಲು ಜನರಲ್ಲಿ ಹಣವಿರಲಿಲ್ಲ. ೧೮೮೧ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆಯು ೧೮೭೧ಕ್ಕಿಂತ ಬಹಳ ಕುಗ್ಗಿದ್ದಿತು. ಆ ಬಳಿಕ, ೧೮೮೨ರಲ್ಲಿ ಸ್ಥಾಪಿತವಾದ ದಕ್ಷಿಣ ಮರಾಠಾ ರೈಲ್ವೆ ಸಂಸ್ಥೆಯ ಕಾಲದಲ್ಲಿ, ೧೮೮೪ರಲ್ಲಿ ಹಳಿಯು ಹೊಸಪೇಟೆಯವರೆಗೆ ಮುಂದುವರಿಯಿತು. ಪಶ್ಚಿಮಾಭಿಮುಖವಾದ ಈ ಮಾರ್ಗವು ಉತ್ತರದಲ್ಲಿದ್ದ ಕುರುಗೋಡು ಸಿರುಗುಪ್ಪಗಳನ್ನು ಬದಿಗೊತ್ತಿತು.

ಮೊದಲನೆಯ ಮಹಾಯುದ್ಧಕಾಲದಲ್ಲಿ ಬಳ್ಳಾರಿಯು ತುರ್ಕಿಯ ಯುದ್ಧಕೈದಿಗಳ ಶಿಬಿರವಾಯಿತು. ೧೯೨೧ರ ನವೆಂಬರಿನಲ್ಲಿ ಮಲಬಾರಿನ ಮಾಪಿಳ್ಳೆ ದಂಗೆಯ ಕೈದಿಗಳನ್ನು ಬಳ್ಳಾರಿಯ ಸೆರೆಮನೆಗೆಂದು ತಿರೂರಿನಿಂದ ಗಾಳಿಯಾಡದ ರೈಲುಡಬ್ಬಿಯಲ್ಲಿ ತುಂಬಿ ಕಳುಹಿಸಿದಾಗ, ಅರುವತ್ತಕ್ಕೂ ಹೆಚ್ಚು ಮಂದಿ ಉಸಿರುಕಟ್ಟಿ ಮೃತರಾದರು. ಹೊರಗಿನ ಶತ್ರುವನ್ನು ತಡೆಯುತ್ತಿದ್ದ ಊರು ಒಳಗಿನ ಪ್ರಜೆಯನ್ನು ಬಂಧಿಸುವ ಊರಾಯಿತೆಂಬುದಕ್ಕೆ ಇದಕ್ಕಿಂತ ದಾರುಣವಾದ ನಿದರ್ಶನವು ಬೇಡ.

ಇಷ್ಟರಿಂದ ದುರ್ಗವಾಗಲಿ ರೈಲಾಗಲಿ ತನ್ನಷ್ಟಕ್ಕೆ ರಕ್ಷಕವೂ ಅಲ್ಲ, ಭಕ್ಷಕವೂ ಅಲ್ಲವೆಂದು ಸಿದ್ಧವಾಗುತ್ತದೆ. ಅದನ್ನು ಯಾರ ಹಿತಕ್ಕಾಗಿ ನಡೆಸಿದರೆಂಬುದೇ ವಿಚಾರಣೀಯವು. ಸಿರುಗುಪ್ಪದಲ್ಲಿ ವಿಜಯನಗರದ ಅರಸರ ಕಾಲದ ಕಾಲುವೆಗಳು ಇಂದಿಗೂ ಬತ್ತದ ಗದ್ದೆಗಳಿಗೆ ನೀರೂಡುತ್ತಿವೆ. ಆ ಅರಸರ ಕೋಟೆಗಳು ಪಾಳುಬಿದ್ದಿವೆ. ಈ ಸೀಮೆಯ ರಕ್ಷಣೆಯ ಚರಿತ್ರೆಯನ್ನು ಬರೆಯುವವರು ಕೊತ್ತಳಗಳನ್ನು ಎಣಿಸುವಾಗ ಆ ಕಾಲುವೆಗಳನ್ನೂ ಲೆಕ್ಕಕ್ಕೆ ಹಿಡಿಯತಕ್ಕದ್ದು.