ಮೂಗಿನ ತುದಿಯ ಕೋಪ: ಹೊಸೂರು ಸೀಮೆಯ ಮಾತಿನ ಚರಿತ್ರೆ

ಒಬ್ಬನ ಮನೆಮಾತು ಯಾವುದೆಂದು ತಿಳಿಯಬೇಕಾದರೆ ಅವನಿಗೆ ಸಿಟ್ಟು ಬರುವವರೆಗೆ ಕಾಯಬೇಕು ಎನ್ನುತ್ತಾರೆ. ಕಚೇರಿಗೆಂದು ಕಲಿತ ಭಾಷೆ ಆ ಹೊತ್ತಿಗೆ ಒದಗಿ ಬರುವುದಿಲ್ಲ. ಅಜ್ಜಿಯಿಂದ ಬಂದದ್ದೇ ಬಾಯಿಗೆ ಬರುತ್ತದೆ. ಕಾಸರಗೋಡಿನ ಕನ್ನಡ ಮನೆಗಳಿಗೆ ಇದು ಹೊಸ ಸಂಗತಿಯಲ್ಲ. ನಮ್ಮಂತೆಯೇ ಗಡಿಯ ಆಚೆ ಉಳಿದ ಹೊಸೂರು, ಕೃಷ್ಣಗಿರಿಗಳ ಕನ್ನಡಿಗರಿಗೂ ಹೊಸದಲ್ಲ.

ಹೊಸೂರಿನ ಹೆಸರೇ ಕನ್ನಡದ್ದು. 1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಕೃಷ್ಣಗಿರಿಯನ್ನೊಳಗೊಂಡ ಬಾರಾಮಹಲ್ ಟಿಪ್ಪುವಿನ ಕೈತಪ್ಪಿ ಈಸ್ಟ್ ಇಂಡಿಯಾ ಕಂಪನಿಗೆ ಸೇರಿತು. ಘಟ್ಟದ ಮೇಲಿನ ಹೊಸೂರು ಸೀಮೆ 1799ರ ಯುದ್ಧದ ಬಳಿಕ ಅದೇ ದಾರಿ ಹಿಡಿಯಿತು. ಎರಡೂ ಸೇಲಂ ಜಿಲ್ಲೆಗೆ ಸೇರಿದವು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಹೋದಾಗ ಹೊಸೂರು ಮದ್ರಾಸ್ ರಾಜ್ಯದಲ್ಲಿಯೇ ಉಳಿಯಿತು. 1965ರಲ್ಲಿ ಅದು ಧರ್ಮಪುರಿ ಜಿಲ್ಲೆಯಾಯಿತು, 2004ರಲ್ಲಿ ಕೃಷ್ಣಗಿರಿ ಜಿಲ್ಲೆಯಾಯಿತು. ತಳಿ, ಕೆಲಮಂಗಲ, ಡೆಂಕಣಿಕೋಟೆಗಳ ಕಡೆ ಕನ್ನಡ, ತೆಲುಗು, ತಮಿಳು, ಉರ್ದು ಮಾತ್ರ ಮೊದಲಿನಂತೆ ಒಂದೇ ಸಂತೆಯಲ್ಲಿ ವ್ಯಾಪಾರ ನಡೆಸಿದವು, ಜಗಳವನ್ನೂ ಆಡಿದವು.

ಆ ಜಗಳದ ಮಾತುಗಳನ್ನೇ ಕೊಂಚ ಬಿಡಿಸಿ ನೋಡೋಣ. ಕನ್ನಡದಲ್ಲಿ 'ಕನಲು' ಎಂದರೆ ಕೋಪದಿಂದ ಉರಿಯುವುದು. ಮಲಯಾಳದಲ್ಲಿ 'ಕನಲ್' ಎಂದರೆ ಕೆಂಡ; ತಮಿಳಿನಲ್ಲಿ ಬೆಂಕಿಯೂ ಹೌದು, ಕೋಪಗೊಳ್ಳುವುದೂ ಹೌದು. ನಮ್ಮ 'ರೇಗು' ತೆಲುಗಿನವರಿಗೂ 'ರೇಗು'. 'ಗರಂ ಆದರು' ಎನ್ನುವಾಗ ನಾವು ಉರ್ದುವಿನ ಮೂಲಕ ಪಾರಸಿಯನ್ನು ಆಡುತ್ತಿರುತ್ತೇವೆ. ಇಂದಿನ ತಮಿಳು ಹುಡುಗರು ಬೇಸರ ಬೆರೆತ ಸಿಟ್ಟಿಗೆ 'ಕಡುಪ್ಪು' ಎನ್ನುತ್ತಾರೆ. ಮಗುವಿನ ಬಾಯಲ್ಲಿ ಅದನ್ನು ಕೇಳಿ 'ಬೀದಿಯ ತಮಿಳು' ಎಂದು ಗದರುವ ತಾಯಿಗೆ, ಉಗ್ರತೆ, ಆವೇಶ ಎಂಬ ಅರ್ಥದ 'ಕಡುಪು' ಹಳಗನ್ನಡದಲ್ಲಿಯೇ ಇದೆ ಎಂದು ಯಾರು ಹೇಳಬೇಕು?

ಮಾತುಗಳು ದಾರಿ ತಪ್ಪಿಸುವುದೂ ಉಂಟು. ನಮಗೆ ಶುಂಠಿ ಕಷಾಯದ ಪದಾರ್ಥ. ಮಲಯಾಳಿಗೆ 'ಶುಂಠಿ' ಎಂದರೆ ಥಟ್ಟನೆ ಬರುವ ಸಿಟ್ಟು. ಅದು ಇರುವ ಜಾಗವನ್ನು ಅವರು ಹೇಳುವುದು 'ಮೂಕ್ಕತ್ತು', ಅಂದರೆ ಮೂಗಿನ ಮೇಲೆ. ಕನ್ನಡಿಗನಿಗೆ ಮೂಗಿನ ತುದಿಯಲ್ಲೇ ಕೋಪ. ತೆಲುಗಿನವನಿಗೂ ಕೋಪ 'ಮುಕ್ಕು ಮೀದ', ತಮಿಳಿನವನಿಗೂ 'ಮೂಕ್ಕು ಮೇಲೆ'. ಭಾಷೆಗಳು ನಾಲ್ಕಾದರೂ ಸಿಟ್ಟು ಕೂರುವ ಜಾಗ ಒಂದೇ! ಗುಂಡರ್ಟರ ಮಲಯಾಳ ನಿಘಂಟು (1872) ಮತ್ತು ಕಿಟೆಲ್ಲರ ಕನ್ನಡ ನಿಘಂಟು (1894) ಎರಡೂ ಮಂಗಳೂರಿನಲ್ಲಿಯೇ ಬೆಳಕು ಕಂಡವು. ಈ ನೆಂಟಸ್ತಿಕೆಯನ್ನು ಪರೀಕ್ಷಿಸಬೇಕೆನ್ನುವವರು ಆ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡಬಹುದು.

ಇಂಗ್ಲಿಷಿನಲ್ಲಿಯೂ ಸಿಟ್ಟಿಗೆ ಸೊಗಸಾದ ಆಡುಮಾತುಗಳಿವೆ. ತಾಳ್ಮೆಗೆಟ್ಟವನು 'ಹಿಡಿಯಿಂದ ಹಾರಿದ' ಎಂಬ ಮಾತು ಅಮೆರಿಕದ ಮರ ಕಡಿಯುವವರ ಸಡಿಲ ಕೊಡಲಿಯನ್ನು ನೆನಪಿಸುತ್ತದೆ. ಆದರೆ ನಮ್ಮ ಮನೆಗಳಿಗೆ ಬಂದದ್ದು ಅಂಥ ಜೀವಂತ ಮಾತಲ್ಲ, 'ಟೆನ್ಷನ್' ಎಂಬ ಒಣ ಪದ. ಹೊಸೂರಿನಲ್ಲಿ 1970ರ ದಶಕದಿಂದ ಸಿಪ್ಕಾಟ್ ಕೈಗಾರಿಕಾ ವಸಾಹತು ಬೆಳೆದು ಎಲ್ಲೆಡೆಯ ಜನ ಸೇರಿದರು. ತಮಿಳುನಾಡಿನಲ್ಲಿ 2006ರ ಕಾಯ್ದೆ ಶಾಲೆಗಳಲ್ಲಿ ಒಂದನೆಯ ತರಗತಿಯಿಂದ ಹಂತಹಂತವಾಗಿ ಹತ್ತರವರೆಗೆ ತಮಿಳನ್ನು ಕಡ್ಡಾಯ ಮಾಡಿತು. ಕೇರಳದಲ್ಲಿ ಮಲಯಾಳ ಕಲಿಕೆಯ ಕಾಯ್ದೆ 2017ರಲ್ಲಿ ಬಂತು. ರಾಜ್ಯದ ಭಾಷೆಯನ್ನು ಕಲಿಯುವುದರಲ್ಲಿ ನಷ್ಟವಿಲ್ಲ. ಗಡಿನಾಡಿನವರು ಎಂದೂ ಒಂದೇ ಭಾಷೆಯಲ್ಲಿ ಬದುಕಿದವರಲ್ಲ. ನಷ್ಟವಾಗುವುದು, ಮನೆಯ ಮಾತಿಗೆ ಶಾಲೆಯಲ್ಲಿ ಜಾಗ ಕಿರಿದಾದಂತೆ ಮನೆಯಲ್ಲಿಯೂ ಅದನ್ನು ಕಿರಿದು ಮಾಡಿಕೊಂಡಾಗ.

ಏಕೆಂದರೆ ಸಿಡುಕು, ರೇಗು, ಕೆರಳು, ಕನಲು, ಮುನಿಸು ಒಂದೇ ಅಲ್ಲ. ಸಿಡುಕಿದವನನ್ನು ಅವನ ಪಾಡಿಗೆ ಬಿಡಬೇಕು. ಕೆರಳಿದವನ ಎದುರು ನಿಲ್ಲಬಾರದು. ಮುನಿಸು ಮಾತ್ರ ಪ್ರೀತಿ ಇದ್ದಲ್ಲಿಯೇ ಹುಟ್ಟುವಂಥದು. ಮುನಿದವರ ಬಳಿಗೆ ಯಾರಾದರೂ ಹೋಗಿ ಕೈ ಹಿಡಿದು ಊಟಕ್ಕೆ ಎಬ್ಬಿಸಬೇಕು. 'ನನಗೆ ಟೆನ್ಷನ್' ಎಂದು ಬಾಗಿಲು ಹಾಕಿಕೊಂಡ ಮಗುವಿನ ಬಳಿ ಹೋಗಬೇಕೋ ಬೇಡವೋ ಎಂದು ಮನೆಯವರಿಗೆ ಗೊತ್ತಾಗುವುದಿಲ್ಲ. ಪದ ಹೋದರೆ ಅದರೊಂದಿಗಿದ್ದ ಸಮಾಧಾನದ ದಾರಿಯೂ ಹೋಗುತ್ತದೆ.

ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಾರದು ಎಂಬ ಗಾದೆ ನಮ್ಮಲ್ಲಿದೆ. ಮಾತಿನ ಗತಿಯೂ ಅಷ್ಟೇ. ಮನೆಯ ಹಿರಿಯರು ಬದುಕಿರುವಾಗಲೇ ಅವರು ಗದರುವ, ಮುನಿಯುವ ಮಾತುಗಳನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡೋಣ. ಪಕ್ಕದ ಮನೆಯ ಮಲಯಾಳ, ತಮಿಳು, ತೆಲುಗು ಮಾತುಗಳಿಗೂ ಅದೇ ಪುಟದಲ್ಲಿ ಜಾಗ ಕೊಡೋಣ. ಸರ್ಕಾರದ ಆಜ್ಞೆಗೆ ಕಾಯದೆ ಮಾಡಬಹುದಾದ ಕೆಲಸವಿದು.