ಹೊನ್ನೆ ಮರದ ಲೋಟದ ಹಿಂದಿನ ಕಥೆ

ಆಯುರ್ವೇದದ ಅಂಗಡಿಗಳಲ್ಲಿ ಕಂದು ಬಣ್ಣದ ಮರದ ಲೋಟವೊಂದನ್ನು ನೀವು ನೋಡಿರಬಹುದು. ರಾತ್ರಿ ನೀರು ತುಂಬಿಟ್ಟು ಬೆಳಿಗ್ಗೆ ಕುಡಿದರೆ ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತದೆ ಎಂದು ಹೇಳಿ ಮಾರುತ್ತಾರೆ. ಅದು ನಮ್ಮ ಹೊನ್ನೆ ಮರವೇ! ದೆಹಲಿಯಲ್ಲಿ ಅದು ವಿಜಯಸಾರ, ಪುಣೆ-ಮುಂಬಯಿಯಲ್ಲಿ ಬಿಬಳಾ, ಹೈದರಾಬಾದಿನಲ್ಲಿ ವೇಗಿಸ, ಚೆನ್ನೈಯಲ್ಲಿ ವೇಂಗೈ. ತಮಿಳಿನಲ್ಲಿ ವೇಂಗೈ ಎಂದರೆ ಹುಲಿ ಎಂಬ ಅರ್ಥವೂ ಇದೆ.

ಎಲೆ ಉದುರಿಸುವ ಕಾಡುಗಳಲ್ಲಿ ನೂರು ಅಡಿಯವರೆಗೂ ಬೆಳೆಯುವ ಮರವಿದು. ಹೂವು ಹಳದಿ. ತೊಗಟೆಗೆ ಕಚ್ಚು ಹಾಕಿದರೆ ರಕ್ತದಂಥ ಕೆಂಪು ರಸ ಒಸರುತ್ತದೆ. ಸಂಸ್ಕೃತದಲ್ಲಿ ಇದಕ್ಕೆ ಅಸನ, ಬೀಜಕ ಎಂಬ ಹೆಸರುಗಳಿವೆ. ವಾಗ್ಭಟನ 'ಅಷ್ಟಾಂಗಹೃದಯ'ದಲ್ಲಿ ಅಸನದಿಂದಲೇ ಆರಂಭವಾಗುವ 'ಅಸನಾದಿ ಗಣ'ವಿದೆ. ಪ್ರಮೇಹ, ಚರ್ಮರೋಗ, ಬೊಜ್ಜುಗಳಿಗೆ ಅದನ್ನು ಹೇಳಿದ್ದಾರೆ. ಅಂದರೆ ಮಧುಮೇಹಕ್ಕೂ ಹೊನ್ನೆಗೂ ಇರುವ ನಂಟು ಸಾವಿರ ವರ್ಷಕ್ಕೂ ಹಳೆಯದು.

ಕೆಂಪು ರಸದ ಕಥೆಯೇ ಬೇರೆ. 1757ರಲ್ಲಿ ಲಂಡನ್ನಿನ ವೈದ್ಯ ಜಾನ್ ಫಾದರ್‌ಗಿಲ್ ಆಫ್ರಿಕಾದ ಗ್ಯಾಂಬಿಯಾ ಕಡೆಯ ಇಂಥದೇ ಒಂದು ಅಂಟನ್ನು ಯುರೋಪಿನ ವೈದ್ಯರಿಗೆ ಪರಿಚಯಿಸಿದರು. ಮುಂದೆ ಅದರ ಜಾಗಕ್ಕೆ ನಮ್ಮ ಹೊನ್ನೆಯ ಒಣಗಿದ ರಸ ಬಂತು. 'ಮಲಬಾರ್ ಕೈನೋ' ಎಂಬ ಹೆಸರಿನಲ್ಲಿ ಹಡಗು ಹತ್ತಿದ ಅದನ್ನು ಇಂಗ್ಲಿಷ್ ವೈದ್ಯರು ಭೇದಿಗೆ ಕೊಡುತ್ತಿದ್ದರು. ನಮ್ಮಲ್ಲಿ ಅದು ಭೇದಿಗೂ ಹಲ್ಲುನೋವಿಗೂ ಮೊದಲಿನಿಂದ ಬಳಕೆಯಲ್ಲಿದ್ದ ಮದ್ದು.

ಸರಿ, ಲೋಟದ ನೀರಿನಿಂದ ಸಕ್ಕರೆ ಇಳಿಯುತ್ತದೆಯೇ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ನಡೆಸಿದ ಪರೀಕ್ಷೆಯ ವರದಿ 1998ರಲ್ಲಿ ಪ್ರಕಟವಾಯಿತು. ಕಾಯಿಲೆ ಹೊಸದಾಗಿ ಪತ್ತೆಯಾದ 97 ಜನರಲ್ಲಿ 67 ಮಂದಿಗೆ 12 ವಾರಗಳಲ್ಲಿ ಸಕ್ಕರೆ ಹತೋಟಿಗೆ ಬಂದಿತ್ತು. ಆದರೆ ಒಂದು ಮಾತು ಗಮನಿಸಿ. ಅವರಿಗೆ ಕೊಟ್ಟದ್ದು ದಿನಕ್ಕೆ 2ರಿಂದ 4 ಗ್ರಾಂ ಅಳೆದ ಸಾರ, ಲೋಟದ ನೀರಲ್ಲ. ಹೋಲಿಸಿ ನೋಡಲು ಬೇರೆ ಔಷಧಿಯ ಗುಂಪೂ ಇರಲಿಲ್ಲ. ಲೋಟದಿಂದ ನೀರಿಗೆ ಎಷ್ಟು ಸಾರ ಇಳಿಯುತ್ತದೆಂದು ಅಳೆಯುವವರು ಯಾರು? ಆದ್ದರಿಂದ ಲೋಟ ನಂಬಿ ಮಾತ್ರೆ ಬಿಡಬೇಡಿ. ಮಾತ್ರೆಯ ಜೊತೆಗೆ ಕುಡಿಯುವುದಾದರೂ ವೈದ್ಯರಿಗೆ ತಿಳಿಸಿ, ಸಕ್ಕರೆ ಅತಿಯಾಗಿ ಇಳಿಯಬಾರದು.

ಇನ್ನೊಂದು ಎಚ್ಚರಿಕೆ: ಕರಾವಳಿಯವರು 'ಹೊನ್ನೆ ಎಣ್ಣೆ' ತೆಗೆಯುವ ಸುರಹೊನ್ನೆ ಬೇರೆಯೇ ಮರ. ಹೆಸರು ಒಂದೇ ಎಂದು ಮದ್ದು ಬದಲಾಯಿಸಬೇಡಿ.

ಗಟ್ಟಿ ನಾಟಾಕ್ಕಾಗಿ ಹೊನ್ನೆಯನ್ನು ಕಡಿದದ್ದೂ ಬಹಳ. ಲೋಟ ಕೊಳ್ಳುವ ಮುನ್ನ ಅದರ ಹಿಂದೆ ಒಂದು ಮರ ಉರುಳಿರುತ್ತದೆ ಎಂಬುದು ನೆನಪಿರಲಿ. ಮುಂದಿನ ಸಲ ಊರಿಗೆ ಹೋದಾಗ ಹಿರಿಯರನ್ನು ಕೇಳಿ, ನಿಮ್ಮ ಕಡೆಯ ಕಾಡಿನಲ್ಲಿ ಹೊನ್ನೆ ಇನ್ನೂ ನಿಂತಿದೆಯೇ?