ಸ್ವತಂತ್ರಜೀವಿ ಅಮೀಬಾ: ತಳಿವೈವಿಧ್ಯ ಮತ್ತು ಪ್ರಭೇದ ನಿರ್ಣಯ

ಸ್ವತಂತ್ರಜೀವಿ ಅಮೀಬಾ: ಆತಿಥೇಯ ಜೀವಿಯನ್ನು ಅವಲಂಬಿಸದೆ ಮಣ್ಣು, ನೀರುಗಳಲ್ಲಿ ಬದುಕಿ, ಮಿಥ್ಯಾಪಾದಗಳಿಂದ ಚಲಿಸುತ್ತ ಮುಖ್ಯವಾಗಿ ಬ್ಯಾಕ್ಟೀರಿಯಗಳನ್ನು ತಿನ್ನುವ ಸೂಕ್ಷ್ಮಜೀವಿ.

ವರ್ಗೀಕರಣ: ಇವು ಒಂದೇ ವಂಶಮೂಲದವಲ್ಲ. ಅಕಾಂತಮೀಬ, ಬಾಲಮುಥಿಯ, ಡಿಕ್ಟಿಯೊಸ್ಟೀಲಿಯಮ್ ಜಾತಿಗಳು ಅಮೀಬೊಜೋವ ಗುಂಪಿಗೂ ನೆಗ್ಲೇರಿಯ ಹೆಟೆರೊಲೊಬೋಸಿಯ ಗುಂಪಿಗೂ ಸೇರಿವೆ.

ಗುರುತಿಸುವ ವಿಧಾನ: ಸಾಮಾನ್ಯವಾಗಿ ಮಾದರಿಯನ್ನು ಪೋಷಕಾಂಶರಹಿತ ಅಗರ್ ಮೇಲೆ ಬ್ಯಾಕ್ಟೀರಿಯ ಆಹಾರದೊಂದಿಗೆ ಬೆಳೆಸಿ, ಚರಕೋಶ (ಚಲಿಸುವ ಸಕ್ರಿಯ ರೂಪ) ಮತ್ತು ಕೋಷ್ಠಗಳ (ಗಟ್ಟಿ ಕವಚದ ಸುಪ್ತ ರೂಪ) ಆಕಾರವನ್ನು ಪರೀಕ್ಷಿಸಲಾಗುತ್ತದೆ. 1977ರಲ್ಲಿ ಪುಸ್ಸಾರ್ ಮತ್ತು ಪೋನ್ಸ್ ಕೋಷ್ಠರೂಪದ ಆಧಾರದಿಂದ ಅಕಾಂತಮೀಬವನ್ನು ಮೂರು ಗುಂಪುಗಳಾಗಿ ವಿಂಗಡಿಸಿದರು. ಕೋಷ್ಠದ ಆಕಾರ ಬೆಳವಣಿಗೆಯ ಪರಿಸ್ಥಿತಿಗೆ ತಕ್ಕಂತೆ ಬದಲಾಗುವುದರಿಂದ ಪ್ರಭೇದ ನಿರ್ಣಯಕ್ಕೆ ಡಿಎನ್‌ಎ ಅನುಕ್ರಮ ಅಗತ್ಯ.

ತಳಿವೈವಿಧ್ಯ: 18ಎಸ್ ಆರ್‌ಆರ್‌ಎನ್‌ಎ ಜೀನ್ ಆಧರಿಸಿ ಅಕಾಂತಮೀಬದಲ್ಲಿ 20ಕ್ಕೂ ಹೆಚ್ಚು ಜೀನ್‌ಮಾದರಿಗಳನ್ನು ಗುರುತಿಸಲಾಗಿದೆ; ಕಾರ್ನಿಯದ ಉರಿಯೂತಕ್ಕೆ ಹೆಚ್ಚಾಗಿ ಕಾರಣವಾಗುವುದು ಟಿ4 ಜೀನ್‌ಮಾದರಿ. ನೆಗ್ಲೇರಿಯದ 40ಕ್ಕೂ ಹೆಚ್ಚು ಪ್ರಭೇದಗಳನ್ನು ಐಟಿಎಸ್ ಎಂಬ ಡಿಎನ್‌ಎ ಭಾಗದ ಅನುಕ್ರಮದಿಂದ ಬೇರ್ಪಡಿಸಬಹುದು. ಇವುಗಳ ಪೈಕಿ ಮಾನವರಲ್ಲಿ ಮಾರಕ ಮಿದುಳುಜ್ವರ ತರುವುದು ನೆಗ್ಲೇರಿಯ ಫೌಲೆರಿ.

ಕರ್ನಾಟಕದಲ್ಲಿ ಅಧ್ಯಯನ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯಾನಂದ ನಂಜುಂಡಯ್ಯ ಮತ್ತು ಸಹಸಂಶೋಧಕರು ನೆರೆರಾಜ್ಯದ ಮುದುಮಲೈ ಅರಣ್ಯದ, ಡಿಕ್ಟಿಯೊಸ್ಟೀಲಿಯಮ್‌ನಂಥ ಸಾಮಾಜಿಕ ಅಮೀಬಾಗಳನ್ನು ಅಧ್ಯಯನ ಮಾಡಿ, ನಿಸರ್ಗದಲ್ಲಿ ಬೆಳೆದ ಒಂದೇ ಫಲಕಾಯದಲ್ಲಿ ಹಲವು ತಳಿಗಳು ಒಟ್ಟಿಗೆ ಇರುವುದನ್ನು 2010ರಲ್ಲಿ ವರದಿ ಮಾಡಿದರು. ಆಹಾರ ಮುಗಿದಾಗ ಒಟ್ಟುಗೂಡಿ ಬೀಜಾಣುಗಳ ಫಲಕಾಯ ರಚಿಸುವುದು ಈ ಅಮೀಬಾಗಳ ಲಕ್ಷಣ.

ಮಹತ್ತ್ವ: ನಿಖರ ಪ್ರಭೇದ ನಿರ್ಣಯ ರೋಗಪತ್ತೆಗೆ, ಸೋಂಕಿನ ಮೂಲಶೋಧಕ್ಕೆ ಮತ್ತು ನೀರಿನ ಸುರಕ್ಷತೆಗೆ ಅವಶ್ಯಕ. ಲೀಜಿಯೊನೆಲ್ಲದಂಥ ರೋಗಕಾರಕ ಬ್ಯಾಕ್ಟೀರಿಯಗಳಿಗೂ ಕೆಲವು ಅಮೀಬಾಗಳು ಆಶ್ರಯವಾಗಿವೆ.